ಹಳೆಯ ಕಾರಿನ ಆಸನಗಳ ಜೀರ್ಣೋದ್ಧಾರ: ಒಂದು ಕಾಯಕ ಪಾಠ

ಹನ್ನೆರಡನೆಯ ಶತಮಾನದ ಶರಣರ ನಾಮಾವಳಿಯನ್ನು ಅವಲೋಕಿಸಿದವರಿಗೆ ಒಂದು ಸಂಗತಿ ಎದ್ದು ಕಾಣದೆ ಇರದು. ಅಲ್ಲಿ ವ್ಯಕ್ತಿಯ ಹೆಸರಿನೊಡನೆ ಆತನ ಕಸುಬೂ ಅಚ್ಚಳಿಯದೆ ಉಳಿದುಬಂದಿದೆ. ಸೂಜಿಕಾಯಕದ ರಾಮಿತಂದೆ, ಹಗ್ಗ ಹೊಸೆದ ನುಲಿಯ ಚಂದಯ್ಯ, ಚರ್ಮದ ಕಾಯಕದ ಮಾದಾರ ಚೆನ್ನಯ್ಯ ಮತ್ತು ಹರಳಯ್ಯ ಇವರೆಲ್ಲರೂ ಕಸುಬನ್ನು ಮರೆಮಾಚದೆ, ಅದನ್ನೇ ತಮ್ಮ ಸಾಧನೆಯ ದಾರಿಯನ್ನಾಗಿ ಮಾಡಿಕೊಂಡವರು. ಸೂಜಿ, ಹುರಿ, ಚರ್ಮ ಎಂಬ ಈ ಮೂರೂ ಒಂದೆಡೆ ಕೂಡುವ ಕೆಲಸಗಳು ಇಂದು ವಿರಳವಾಗುತ್ತಿವೆ. ಅಂಥವುಗಳಲ್ಲಿ ಒಂದು, ಹಳೆಯ ಮೋಟಾರು ಕಾರಿನ ಆಸನಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮರಳಿ ಹೊದಿಸುವ ಕೆಲಸ. ನಮ್ಮ ಊರುಗಳಲ್ಲಿ ಇದನ್ನು ‘ಕುಶನ್ ಕೆಲಸ’ ಎನ್ನುವುದು ವಾಡಿಕೆ.

ಈ ಕೆಲಸವನ್ನು ಮನೆಯ ಅಂಗಳದಲ್ಲಿ ಅಥವಾ ಶಾಲೆಯ ಕಾರ್ಯಾಗಾರದಲ್ಲಿ ಸಾಮಾನ್ಯ ಸಲಕರಣೆಗಳಿಂದ ಕ್ರಮಬದ್ಧವಾಗಿ ಮಾಡುವ ವಿಧಾನವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಾಗಿ ಅಂಬಾಸಿಡರ್ ಕಾರನ್ನು ಆರಿಸಿಕೊಳ್ಳಲಾಗಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1950ರ ದಶಕದ ಕೊನೆಯಿಂದ ತಯಾರಿಸಿದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಸರ್ಕಾರಿ ಕಛೇರಿ, ಮಠ, ಆಸ್ಪತ್ರೆ, ಅಡತಿ ಅಂಗಡಿ, ಮದುವೆಯ ದಿಬ್ಬಣ ಹೀಗೆ ಎಲ್ಲೆಡೆಯೂ ಸೇವೆ ಸಲ್ಲಿಸಿದ ಈ ವಾಹನ ಅನೇಕರ ಮನೆಯ ಶೆಡ್ಡಿನಲ್ಲಿ ಇಂದಿಗೂ ನಿಂತಿದೆ. ಅದರ ಎಂಜಿನ್ನಿಗೆ ಮೇಸ್ತ್ರಿ ದೊರೆಯುತ್ತಾನೆ. ಆಸನವನ್ನು ಅದರ ಮೂಲ ರೀತಿಯಲ್ಲಿ ಹೊಲಿಯಬಲ್ಲವನು ದೊರೆಯುವುದು ಕಷ್ಟವಾಗಿದೆ.

1. ಆಸನದ ಅಂಗರಚನೆ

ದುರಸ್ತಿಗೆ ಕೈಹಾಕುವ ಮೊದಲು ಆಸನದ ರಚನೆಯನ್ನು ತಿಳಿಯತಕ್ಕದ್ದು. ಮೊದಲ ಕಾಲದ ಅಂಬಾಸಿಡರ್ ಕಾರುಗಳಲ್ಲಿ ಗೇರಿನ ಹಿಡಿ ಸ್ಟೀರಿಂಗ್ ಕಂಬದ ಮೇಲಿದ್ದುದರಿಂದ ಮುಂದಿನ ಆಸನವು ಒಂದೇ ಉದ್ದನೆಯ ಬೆಂಚಿನಂತಿದ್ದು, ಮೂವರು ಕುಳಿತುಕೊಳ್ಳಲು ಅನುಕೂಲವಾಗಿತ್ತು. ಮುಂದಿನದಾಗಲಿ ಹಿಂದಿನದಾಗಲಿ, ಆ ಕಾಲದ ಆಸನವನ್ನು ಸಾಮಾನ್ಯವಾಗಿ ಐದು ಪದರಗಳಾಗಿ ವಿಂಗಡಿಸಬಹುದು.

ಎಲ್ಲಕ್ಕಿಂತ ಕೆಳಗೆ ಉಕ್ಕಿನ ಚೌಕಟ್ಟು. ಅದರ ಮೇಲೆ ಭಾರವನ್ನು ಹೊತ್ತು ಮರಳಿ ಮೇಲೇಳುವ ಸ್ಪ್ರಿಂಗುಗಳು. ಸ್ಪ್ರಿಂಗುಗಳ ಮೇಲೆ ಗೋಣಿತಟ್ಟು. ಅದರ ಮೇಲೆ ತೆಂಗಿನ ನಾರು, ಹತ್ತಿ ಅಥವಾ ಫೋಮಿನ ಮೆತ್ತೆ. ಎಲ್ಲಕ್ಕೂ ಮೇಲೆ, ಕಣ್ಣಿಗೆ ಕಾಣುವ ಹೊದಿಕೆ. ಈ ಐದರಲ್ಲಿ ನೋಡುವವನ ಗಮನಕ್ಕೆ ಬರುವುದು ಕೊನೆಯದೊಂದೇ. ಕುಳಿತವನ ಸೊಂಟಕ್ಕೆ ತಿಳಿಯುವುದು ಮೊದಲಿನ ನಾಲ್ಕು. ಮೇಲಿನ ಹೊದಿಕೆಯನ್ನಷ್ಟೇ ಬದಲಿಸಿ ಒಳಗಿನ ನಾಲ್ಕನ್ನೂ ಕಡೆಗಣಿಸಿದ ಆಸನವು ಕೆಲವೇ ತಿಂಗಳುಗಳಲ್ಲಿ ಮತ್ತೆ ತಗ್ಗು ಬೀಳುವುದು ನಿಶ್ಚಿತ.

ಹೊದಿಕೆಯ ವಸ್ತುವನ್ನು ನಾವು ‘ರೆಕ್ಸಿನ್’ ಎನ್ನುತ್ತೇವೆ. ಇದು ಮೂಲತಃ ಇಂಗ್ಲೆಂಡಿನ ಒಂದು ವ್ಯಾಪಾರನಾಮ. ಹತ್ತಿ ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟಿನ ಲೇಪವನ್ನು ಕೊಟ್ಟು, ಚರ್ಮದ ಗೆರೆಗಳನ್ನು ಒತ್ತಿ ತಯಾರಿಸುತ್ತಿದ್ದ ಬಟ್ಟೆ ಅದು. ಮುಂದೆ ಪಾಲಿವಿನೈಲ್ ಕ್ಲೋರೈಡಿನ ಲೇಪ ಬಳಕೆಗೆ ಬಂದರೂ ನಮ್ಮ ದೇಶದಲ್ಲಿ ಹಳೆಯ ಹೆಸರೇ ಉಳಿದುಕೊಂಡಿತು.

2. ಕೆಡುವುದಕ್ಕೆ ಕಾರಣಗಳು

ಪ್ರತಿಯೊಂದು ಪದರವೂ ತನ್ನದೇ ಆದ ಕಾರಣದಿಂದ ಕೆಡುತ್ತದೆ. ಕಾರಣ ತಿಳಿಯದೆ ಮಾಡಿದ ಚಿಕಿತ್ಸೆ ಫಲಿಸದು.

ವಿನೈಲ್ ಲೇಪವನ್ನು ಮೃದುವಾಗಿರಿಸುವ ಎಣ್ಣೆಯಂತಹ ಅಂಶವೊಂದು ಅದರಲ್ಲಿ ಬೆರೆತಿರುತ್ತದೆ. ಬಿಸಿಲು ಮತ್ತು ಕಾವಿನಿಂದ ಈ ಅಂಶ ವರ್ಷಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಹೊರಹೋಗಿ, ಲೇಪವು ಗಡಸಾಗಿ ಬಿರುಕು ಬಿಡುತ್ತದೆ. ಹಿಂದಿನ ಗಾಜಿನ ಕೆಳಗೆ ಬರುವ ಒರಗಿನ ಮೇಲಂಚು ಮೊದಲು ಒಡೆಯುವುದಕ್ಕೆ ಇದೇ ಕಾರಣ. ರೆಕ್ಸಿನ್ ಗಟ್ಟಿಯಾಗಿಯೇ ಇದ್ದು ಹೊಲಿಗೆ ಮಾತ್ರ ಬಿಟ್ಟಿದ್ದರೆ, ಹತ್ತಿಯ ದಾರವು ತೇವಕ್ಕೂ ಬೆಳಕಿಗೂ ಸಿಕ್ಕಿ ಶಿಥಿಲವಾಗಿದೆ ಎಂದು ತಿಳಿಯಬೇಕು. ಫೋಮು ಗಾಳಿ ಮತ್ತು ತೇವದ ಪರಿಣಾಮದಿಂದ ಪುಡಿಯಾಗಿ, ಆಸನದ ಕೆಳಗೆ ಹಳದಿ ಹಿಟ್ಟಿನಂತೆ ಉದುರುತ್ತದೆ. ತೆಂಗಿನ ನಾರು ತುಳಿದು ತುಳಿದು ಚಾಪೆಯಂತಾಗುತ್ತದೆ. ಕಾರಿನೊಳಗೆ ಹತ್ತುವಾಗಲೂ ಇಳಿಯುವಾಗಲೂ ದೇಹದ ಭಾರವೆಲ್ಲ ಬಾಗಿಲ ಬದಿಯ ಅಂಚಿನ ಮೇಲೆ ಬೀಳುವುದರಿಂದ, ಚಾಲಕನ ಆಸನದಲ್ಲಿ ಆ ಅಂಚಿನ ಸ್ಪ್ರಿಂಗುಗಳೇ ಮೊದಲು ಕುಸಿಯುತ್ತವೆ. ಕಾರಿನ ನೆಲದಲ್ಲಿ ನೀರು ನಿಂತಿದ್ದರೆ ಚೌಕಟ್ಟಿನ ಕಾಲುಗಳಿಗೆ ತುಕ್ಕು ತಗುಲುತ್ತದೆ.

3. ಉಳಿಸಬೇಕೋ, ಬದಲಿಸಬೇಕೋ

ಈ ಕೆಲಸದಲ್ಲಿ ಕತ್ತರಿಗಿಂತ ಮೊದಲು ಬೇಕಾದುದು ವಿವೇಕ. ಹಳೆಯದೆಲ್ಲವನ್ನೂ ಕಿತ್ತೆಸೆದು ಹೊಳೆಯುವ ಹೊಸದನ್ನು ಹಾಕುವುದು ಸುಲಭ. ಆದರೆ ಒಮ್ಮೆ ಎಸೆದ ಮೂಲ ಹೊದಿಕೆ ಮರಳಿ ಬರುವುದಿಲ್ಲ. ಅದರೊಡನೆ ಆ ಕಾಲದ ಬಣ್ಣ, ಗೆರೆ, ಹೊಲಿಗೆಯ ರೀತಿ ಎಲ್ಲವೂ ಹೋಗುತ್ತವೆ. ಆದುದರಿಂದ ಮೂಲ ಹೊದಿಕೆ ಗಟ್ಟಿಯಾಗಿದ್ದು ಹೊಲಿಗೆ ಮಾತ್ರ ಬಿಟ್ಟಿದ್ದರೆ, ಹಳೆಯ ರಂಧ್ರಗಳಲ್ಲಿಯೇ ಸೂಜಿ ಹಾಯಿಸಿ ಕೈಯಿಂದ ಹೊಲಿಯುವುದು ಉತ್ತಮ. ಸಣ್ಣ ಹರಿತವಿದ್ದರೆ ಹಿಂಬದಿಯಿಂದ ತೆಳುವಾದ ಗಟ್ಟಿ ಬಟ್ಟೆಯ ತೇಪೆಯನ್ನು ಅಂಟಿಸಬಹುದು. ಒಂದು ಭಾಗ ಮಾತ್ರ ಹಾಳಾಗಿದ್ದರೆ ಆ ಭಾಗವನ್ನಷ್ಟೇ ಬದಲಿಸಬಹುದು. ಬಿರುಕು ಎಲ್ಲೆಡೆ ಹರಡಿ, ಬೆರಳಿನಿಂದ ಮಡಚಿದರೆ ಲೇಪವು ಚಕ್ಕೆಯಾಗಿ ಏಳುವಂತಿದ್ದರೆ ಮಾತ್ರ ಪೂರ್ಣ ಹೊಸ ಹೊದಿಕೆಯ ವಿಚಾರ ಮಾಡಬೇಕು.

ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ದುರಸ್ತಿಯ ಕೆಲಸಕ್ಕೂ ಆ ತಾಯಿಯ ವಿವೇಕ ಅನ್ವಯಿಸುತ್ತದೆ. ಬೇಕಾದಷ್ಟನ್ನೇ ಬದಲಿಸುವುದು, ಬೇಡವಾದುದನ್ನು ಮುಟ್ಟದಿರುವುದು ಇಲ್ಲಿನ ಮೊದಲ ನಿಯಮ.

ಇದಕ್ಕೆ ವ್ಯಾವಹಾರಿಕವಾದ ಇನ್ನೊಂದು ಕಾರಣವೂ ಉಂಟು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯು, ಮೊದಲ ನೋಂದಣಿಯಿಂದ 50 ವರ್ಷಗಳಿಗಿಂತ ಹೆಚ್ಚು ಕಾಲ ಸಂದ ಕಾರುಗಳನ್ನು ‘ವಿಂಟೇಜ್’ ವಾಹನಗಳೆಂದು ನೋಂದಾಯಿಸಲು ಅವಕಾಶ ಕಲ್ಪಿಸಿತು. ಅಂಥ ವಾಹನವು ಮೂಲರೂಪದಲ್ಲಿಯೇ ಉಳಿದಿರಬೇಕೆಂಬುದು ಅದರ ಷರತ್ತು. ಹಳೆಯ ಕಾರಿನ ಒಡೆಯರು ಬೆಂಚು ಆಸನವನ್ನು ಕಿತ್ತು ಹೊಸ ಕಾಲದ ಆಸನವನ್ನು ಕೂರಿಸುವ ಮುನ್ನ ಇದನ್ನು ಆಲೋಚಿಸುವುದು ಲೇಸು.

4. ಬಿಚ್ಚುವ ಕ್ರಮ

ಬಿಚ್ಚುವುದು ಕೆಡಹುವುದಲ್ಲ, ಅದೊಂದು ಓದು. ಮೊದಲು ಆಸನವನ್ನು ಎಲ್ಲ ದಿಕ್ಕುಗಳಿಂದಲೂ ಛಾಯಾಚಿತ್ರ ತೆಗೆದಿಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಆಸನದ ರೇಖಾಚಿತ್ರ ಬರೆದು, ಪ್ರತಿ ಭಾಗಕ್ಕೂ ಒಂದು ಸಂಖ್ಯೆಯನ್ನು ಕೊಡಬೇಕು. ಆಸನವನ್ನು ಕಾರಿನ ನೆಲಕ್ಕೆ ಬಿಗಿದ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಯಲು ಬಿಡಬೇಕು. ಬಲವಂತದಿಂದ ತಿರುಗಿಸಿದರೆ ಬೋಲ್ಟಿನ ತಲೆ ಮುರಿದು ಕೆಲಸ ಇಮ್ಮಡಿಯಾಗುತ್ತದೆ. ತೆಗೆದ ನಟ್ಟು ಬೋಲ್ಟುಗಳನ್ನು ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಬೇಕು.

ಹೊದಿಕೆಯ ಅಂಚನ್ನು ಚೌಕಟ್ಟಿಗೆ ಹಿಡಿದಿಡುವುದು ಸಣ್ಣ ತಂತಿಬಳೆಗಳು ಇಲ್ಲವೆ ಲೋಹದ ಕ್ಲಿಪ್ಪುಗಳು. ಅವುಗಳನ್ನು ಇಕ್ಕಳದಿಂದ ಬಿಡಿಸಿ ಎಷ್ಟಿದ್ದವು, ಎಲ್ಲಿದ್ದವು ಎಂಬುದನ್ನು ಬರೆದಿಡಬೇಕು. ಹೊದಿಕೆಯ ಅಂಚಿನೊಳಗೆ ಹಾಯಿಸಿದ ತಂತಿಯನ್ನು ಎಸೆಯಬಾರದು. ಅದೇ ಮತ್ತೆ ಬೇಕಾಗುತ್ತದೆ. ಹಳೆಯ ಮೆತ್ತೆಯಲ್ಲಿ ಬೂಷ್ಟು, ಇಲಿಯ ಹಿಕ್ಕೆ, ಒಣಧೂಳು ಇರುವುದರಿಂದ ಮೂಗು ಬಾಯಿಗಳನ್ನು ಮುಚ್ಚಿಕೊಂಡು ಬಯಲಿನಲ್ಲಿಯೇ ಈ ಕೆಲಸ ಮಾಡತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಲೇಖನದಲ್ಲಿ ಹೇಳಿದುದೆಲ್ಲ ಹಳೆಯ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಇಂದಿನ ಅನೇಕ ಕಾರುಗಳ ಆಸನದ ಬದಿಯಲ್ಲಿಯೇ ಅಪಘಾತ ಕಾಲದ ಗಾಳಿಚೀಲ ಅಡಗಿರುತ್ತದೆ. ಅಲ್ಲಿನ ಹೊಲಿಗೆಯು ಸಕಾಲದಲ್ಲಿ ಬಿಚ್ಚಿಕೊಳ್ಳುವಂತೆ ವಿಶೇಷವಾಗಿ ಹಾಕಿದುದಾಗಿರುತ್ತದೆ. ಅಂಥ ಆಸನವನ್ನು ಮನೆಯಲ್ಲಿ ಬಿಚ್ಚುವುದಾಗಲಿ ಹೊಲಿಯುವುದಾಗಲಿ ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

5. ಚೌಕಟ್ಟು ಮತ್ತು ಸ್ಪ್ರಿಂಗುಗಳು

ಬರಿದಾದ ಚೌಕಟ್ಟನ್ನು ತಂತಿ ಬ್ರಷ್ಷು ಮತ್ತು ಉಪ್ಪುಕಾಗದಗಳಿಂದ ಉಜ್ಜಿ ತುಕ್ಕನ್ನು ತೆಗೆಯಬೇಕು. ಬಳಿಕ ಕಾಲುಗಳನ್ನೂ ಬೋಲ್ಟಿನ ರಂಧ್ರಗಳನ್ನೂ ಬೆಸುಗೆಯ ಜಾಗಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಬಿರುಕು ಕಂಡರೆ ನುರಿತ ವೆಲ್ಡರನ ಕೈಯಲ್ಲಿ ಬೆಸುಗೆ ಹಾಕಿಸತಕ್ಕದ್ದು. ಈ ಕೆಲಸವನ್ನು ಚೌಕಟ್ಟು ಕಾರಿನಿಂದ ಹೊರಗಿರುವಾಗಲೇ ಮುಗಿಸಬೇಕು. ಪೆಟ್ರೋಲ್ ಟ್ಯಾಂಕಿರುವ ವಾಹನದೊಳಗೆ ಬೆಸುಗೆಯ ಕಿಡಿ ಹಾರಿಸಬಾರದು. ಅನಂತರ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚಬೇಕು.

ಸ್ಪ್ರಿಂಗುಗಳನ್ನು ಒಂದೊಂದಾಗಿ ಅಂಗೈಯಿಂದ ಅದುಮಿ ನೋಡಬೇಕು. ಎಲ್ಲವೂ ಒಂದೇ ಬಗೆಯಲ್ಲಿ ಪ್ರತಿರೋಧಿಸಬೇಕು. ಕುಸಿದುದನ್ನು ಎಳೆದು ನೆಟ್ಟಗೆ ಮಾಡಿದರೆ ಅದು ನಾಲ್ಕು ದಿನ ನಿಂತು ಮತ್ತೆ ಕುಸಿಯುತ್ತದೆ. ಅದೇ ದಪ್ಪ, ಅದೇ ಎತ್ತರದ ಇನ್ನೊಂದನ್ನು ಹಾಕುವುದೇ ಸರಿ. ಅಂಚಿನ ಸ್ಪ್ರಿಂಗು ಮಾತ್ರ ಕುಸಿದಿದ್ದು ನಡುವಿನದು ಗಟ್ಟಿಯಾಗಿದ್ದರೆ, ಎರಡನ್ನೂ ಪರಸ್ಪರ ಸ್ಥಳ ಬದಲಾಯಿಸುವ ಚಾತುರ್ಯವನ್ನು ಕೆಲವರು ತೋರುತ್ತಾರೆ. ಅದು ದುರಸ್ತಿಯಲ್ಲ, ದೋಷದ ಸ್ಥಳಾಂತರ.

ಸ್ಪ್ರಿಂಗುಗಳು ಅತ್ತಿತ್ತ ವಾಲದಂತೆ ಅವುಗಳ ಮೇಲ್ತುದಿಗಳನ್ನು ಗಟ್ಟಿ ಹುರಿಯಿಂದ ಉದ್ದಕ್ಕೂ ಅಡ್ಡಕ್ಕೂ ಕಟ್ಟುವ ರೀತಿ ಹಳೆಯ ಕುಶನ್ ಕೆಲಸದಲ್ಲಿದೆ. ಪ್ರತಿ ಸ್ಪ್ರಿಂಗಿಗೂ ಗಂಟು ಹಾಕಬೇಕು; ಹುರಿಯನ್ನು ಕೇವಲ ಸುತ್ತಿ ಮುಂದೆ ಒಯ್ದರೆ ಒಂದೆಡೆ ಹರಿದಾಗ ಇಡೀ ಸಾಲು ಸಡಿಲಗೊಳ್ಳುತ್ತದೆ. ಇದರ ಮೇಲೆ ಗೋಣಿತಟ್ಟನ್ನು ಹಾಸಿ, ದಬ್ಬಣದಿಂದ ಸ್ಪ್ರಿಂಗುಗಳಿಗೆ ಹೊಲಿಯಬೇಕು. ಗೋಣಿತಟ್ಟಿಲ್ಲದೆ ಫೋಮನ್ನು ನೇರವಾಗಿ ಸ್ಪ್ರಿಂಗಿನ ಮೇಲಿಟ್ಟರೆ ತಂತಿಯು ಅದನ್ನು ಗರಗಸದಂತೆ ಕೊಯ್ಯುತ್ತದೆ. ಕೆಲವೇ ರೂಪಾಯಿಗಳ ಗೋಣಿತಟ್ಟು ಸಾವಿರಾರು ರೂಪಾಯಿಗಳ ಮೆತ್ತೆಯನ್ನು ಕಾಯುತ್ತದೆ.

6. ಮೆತ್ತೆ

ಹಿಂದಿನ ಕಾಲದ ಮೆತ್ತೆಗಳಲ್ಲಿ ತೆಂಗಿನ ನಾರಿನ ಬಳಕೆ ಹೆಚ್ಚಾಗಿತ್ತು. ತಿಪಟೂರು, ಅರಸೀಕೆರೆ ಸೀಮೆಯವರಿಗೆ ನಾರಿನ ಗುಣ ವಿವರಿಸಬೇಕಾಗಿಲ್ಲ. ಅದು ಗಾಳಿಯಾಡಲು ಎಡೆಕೊಡುತ್ತದೆ, ಬೇಗ ಕೊಳೆಯುವುದಿಲ್ಲ. ರಬ್ಬರಿನ ಹಾಲಿನಿಂದ ಬಂಧಿಸಿದ ನಾರಿನ ಹಾಸು ಇಂದಿಗೂ ಮಾರುಕಟ್ಟೆಯಲ್ಲಿ ದೊರೆಯುವುದರಿಂದ ಹಳೆಯ ಆಸನಕ್ಕೆ ಅದನ್ನೇ ಕೆಳಪದರವಾಗಿ ಹಾಕಿ, ಮೇಲೆ ತೆಳುವಾದ ಫೋಮು ಹಾಕಬಹುದು.

ಫೋಮನ್ನು ಕೊಳ್ಳುವಾಗ ದಪ್ಪವನ್ನು ಮಾತ್ರ ನೋಡಿದರೆ ಸಾಲದು, ಸಾಂದ್ರತೆಯನ್ನೂ ನೋಡಬೇಕು. ಅಂಗಡಿಯವರು ‘40 ಡೆನ್ಸಿಟಿ’ ಎಂದರೆ ಒಂದು ಘನ ಮೀಟರು ಫೋಮಿನ ತೂಕ ಸುಮಾರು 40 ಕಿಲೋಗ್ರಾಂ ಎಂದರ್ಥ. ಕುಳಿತುಕೊಳ್ಳುವ ಭಾಗಕ್ಕೆ ಇದು ಒಪ್ಪುತ್ತದೆ. ಒರಗುವ ಭಾಗಕ್ಕೆ ಇದಕ್ಕಿಂತ ಹಗುರವಾದುದು ಸಾಕು. ಕಡಿಮೆ ಸಾಂದ್ರತೆಯ ಫೋಮು ಅಂಗಡಿಯಲ್ಲಿ ಬೆರಳಿಗೆ ಹಿತವಾಗಿರುತ್ತದೆ, ಆದರೆ ವರ್ಷ ತುಂಬುವುದರೊಳಗೆ ಅಪ್ಪಚ್ಚಿಯಾಗುತ್ತದೆ. ಉದ್ದವಾದ ಹರಿತ ಚಾಕುವಿನಿಂದ, ಹೊದಿಕೆಯ ಅಳತೆಗಿಂತ ಸುತ್ತಲೂ ಸುಮಾರು ಅರ್ಧ ಅಂಗುಲ ದೊಡ್ಡದಾಗಿ ಫೋಮನ್ನು ಕತ್ತರಿಸಬೇಕು. ಹೀಗೆ ಮಾಡಿದರೆ ಹೊದಿಕೆಯು ಒಳಗಿನಿಂದ ತುಂಬಿಕೊಂಡು ಸುಕ್ಕಿಲ್ಲದೆ ನಿಲ್ಲುತ್ತದೆ. ಅಂಟನ್ನು ಎರಡೂ ಮೈಗಳಿಗೆ ಹಚ್ಚಿ, ಕೈಗೆ ಅಂಟೂ ಅಂಟದಂತಾದ ಮೇಲೆ ಕೂಡಿಸಬೇಕು. ಅಂಟಿನ ಆವಿ ಬೆಂಕಿಗೆ ಬೇಗ ಹೊತ್ತಿಕೊಳ್ಳುವುದರಿಂದ ಒಲೆ, ದೀಪ, ಬೀಡಿ ಹತ್ತಿರವಿರಕೂಡದು, ಕಿಟಕಿಗಳು ತೆರೆದಿರಬೇಕು.

7. ಹಳೆಯ ಹೊದಿಕೆಯೇ ಗುರು

ಹೊಸ ಹೊದಿಕೆಯ ಅಳತೆಯನ್ನು ಎಲ್ಲಿಂದ ಪಡೆಯಬೇಕು? ಟೇಪು ಹಿಡಿದು ಆಸನವನ್ನು ಅಳೆಯುವುದು ಹೊಸಬರ ರೂಢಿ. ಅನುಭವಿಗಳು ಹಳೆಯ ಹೊದಿಕೆಯನ್ನು ಕೇಳುತ್ತಾರೆ. ಹೊಲಿಗೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿ, ತುಂಡುಗಳನ್ನು ಸಪಾಟಾಗಿ ಹರಡಿದರೆ, ಆಸನದ ಉಬ್ಬುತಗ್ಗುಗಳೆಲ್ಲ ಆ ತುಂಡುಗಳ ಅಂಚಿನ ವಕ್ರರೇಖೆಗಳಲ್ಲಿ ಬರೆದಿರುವುದು ಕಾಣುತ್ತದೆ. ಆದುದರಿಂದ ಹೊಸದು ಸಿದ್ಧವಾಗಿ ಆಸನದ ಮೇಲೆ ಕೂರುವವರೆಗೂ ಹಳೆಯ ಒಂದು ಚೂರನ್ನೂ ಹೊರಗೆ ಹಾಕಕೂಡದು.

ಬಿಡಿಸುವ ಮೊದಲೇ ಎರಡು ತುಂಡುಗಳು ಕೂಡುವಲ್ಲಿ, ಹೊಲಿಗೆಗೆ ಅಡ್ಡವಾಗಿ ಸೀಮೆಸುಣ್ಣದಿಂದ ಅಲ್ಲಲ್ಲಿ ಗೆರೆ ಎಳೆದಿಡಬೇಕು. ಹೊಸ ತುಂಡುಗಳಿಗೂ ಅದೇ ಗುರುತುಗಳನ್ನು ವರ್ಗಾಯಿಸಿದರೆ ಹೊಲಿಯುವಾಗ ಒಂದು ಮುಂದೆ ಒಂದು ಹಿಂದೆ ಸರಿಯುವ ತೊಂದರೆ ತಪ್ಪುತ್ತದೆ. ಹಳೆಯ ತುಂಡು ಎಳೆದಾಡಿ ಹಿಗ್ಗಿರಬಹುದು. ಬಲಬದಿಯ ತುಂಡನ್ನು ಮಗುಚಿ ಎಡಬದಿಯದರ ಮೇಲಿಟ್ಟು ಹೋಲಿಸಿದರೆ ಯಾವುದು ಹಿಗ್ಗಿದೆ ಎಂಬುದು ತಿಳಿಯುತ್ತದೆ; ಕಡಿಮೆ ಸವೆದ ಬದಿಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು. ನಮೂನೆಯನ್ನು ದಪ್ಪ ಕಾಗದದ ಮೇಲೆ ಬರೆದು, ಹೊಲಿಗೆಯ ಅಂಚಿಗೆಂದು ಸುತ್ತಲೂ ಅರ್ಧ ಅಂಗುಲ ಇದೆಯೇ ಎಂದು ನೋಡಿಕೊಳ್ಳಬೇಕು.

ಚರ್ಮವನ್ನು ಬಳಸುವುದಾದರೆ ಇನ್ನೊಂದು ವಿಚಾರ. ಚರ್ಮವು ಎಲ್ಲೆಡೆ ಏಕರೀತಿಯದಲ್ಲ. ಬೆನ್ನಿನ ಭಾಗ ಬಿಗಿಯಾಗಿರುತ್ತದೆ, ಹೊಟ್ಟೆಯ ಭಾಗ ಸಡಿಲವಾಗಿ ಹಿಗ್ಗುತ್ತದೆ. ಕುಳಿತುಕೊಳ್ಳುವ ಜಾಗಕ್ಕೆ ಬೆನ್ನಿನ ಚರ್ಮವನ್ನೂ, ಭಾರ ಬೀಳದ ಬದಿಗಳಿಗೆ ಹೊಟ್ಟೆಯ ಚರ್ಮವನ್ನೂ ಹಾಕುವುದು ಕ್ರಮ.

ಸಾಲು ಸಾಲಾದ ಉಬ್ಬುಪಟ್ಟಿಗಳಿರುವ ಹೊದಿಕೆಯಲ್ಲಿ ಸಣ್ಣ ಲೆಕ್ಕವೊಂದು ಬರುತ್ತದೆ. ರೆಕ್ಸಿನ್ನಿನ ಕೆಳಗೆ ತೆಳುವಾದ ಫೋಮನ್ನಿಟ್ಟು ಗೆರೆ ಗೆರೆಯಾಗಿ ಹೊಲಿದಾಗ ಬಟ್ಟೆ ಮೇಲಕ್ಕೆ ಉಬ್ಬಿ, ಅಗಲ ಕಡಿಮೆಯಾಗುತ್ತದೆ. ಎಷ್ಟು ಕಡಿಮೆಯಾಗುವುದೆಂಬುದನ್ನು ಮೊದಲೇ ಒಂದು ತುಂಡಿನ ಮೇಲೆ ಪ್ರಯೋಗಿಸಿ ತಿಳಿಯಬೇಕು. 12 ಅಂಗುಲದ ತುಂಡು ಹೊಲಿದ ಮೇಲೆ 11 ಅಂಗುಲವಾಯಿತೆಂದು ಭಾವಿಸೋಣ. ಸಿದ್ಧವಾದ ಭಾಗ 22 ಅಂಗುಲವಿರಬೇಕಾದರೆ ಮೊದಲು 24 ಅಂಗುಲ ಕತ್ತರಿಸಬೇಕೆಂಬುದು ತ್ರೈರಾಶಿಯ ಲೆಕ್ಕದಿಂದ ತಿಳಿಯುತ್ತದೆ. ಆರನೆಯ ತರಗತಿಯ ಗಣಿತವು ಅರಿಯದ ಕೈಯಲ್ಲಿ ಒಂದು ಮೀಟರು ರೆಕ್ಸಿನ್ ಹಾಳಾಗುವುದನ್ನು ತಪ್ಪಿಸುತ್ತದೆ.

8. ಹೊಲಿಗೆ

ರೆಕ್ಸಿನ್ ಮತ್ತು ಚರ್ಮಗಳ ಗುಣ ಬಟ್ಟೆಯ ಗುಣದಂತಲ್ಲ. ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿದರೆ ರಂಧ್ರ ಮುಚ್ಚಿಕೊಳ್ಳುತ್ತದೆ. ಇಲ್ಲಿ ಸೂಜಿ ಒಮ್ಮೆ ಇಳಿದರೆ ಆ ರಂಧ್ರ ಶಾಶ್ವತ. ಆದುದರಿಂದ ತುಂಡುಗಳನ್ನು ಹಿಡಿದಿಡಲು ಗುಂಡುಸೂಜಿ ಚುಚ್ಚದೆ ಕ್ಲಿಪ್ಪುಗಳನ್ನು ಬಳಸತಕ್ಕದ್ದು. ಹೊಲಿಗೆ ಅತಿ ಒತ್ತೊತ್ತಾದರೆ ಅಂಚೆಚೀಟಿಯ ಅಂಚಿನಂತೆ ಆ ಸಾಲಿನಲ್ಲಿಯೇ ಹರಿಯುತ್ತದೆ. ಅಂಗುಲಕ್ಕೆ ಆರರಿಂದ ಏಳು ಹೊಲಿಗೆ ಸಾಕು. ಹತ್ತಿಯ ದಾರದ ಬದಲು ಗಟ್ಟಿಯಾದ ಪಾಲಿಯೆಸ್ಟರ್ ಅಥವಾ ನೈಲಾನ್ ದಾರವನ್ನೂ, 18ನೆಯ ನಂಬರಿನ ಸೂಜಿಯನ್ನೂ ಬಳಸಬಹುದು.

ಮನೆಯ ಕಾಲುಯಂತ್ರ ಎರಡು ಮೂರು ಪದರಗಳವರೆಗೆ ಈ ಕೆಲಸವನ್ನು ನಿಭಾಯಿಸುತ್ತದೆ. ರೆಕ್ಸಿನ್ ಯಂತ್ರದ ಪಾದಕ್ಕೆ ಅಂಟಿಕೊಂಡು ಮುಂದೆ ಸರಿಯದಿದ್ದರೆ ಮೇಲೆ ಸ್ವಲ್ಪ ಟಾಲ್ಕಂ ಪುಡಿ ಸವರಬೇಕು. ದಪ್ಪವಾದ ಕೂಡುಗಳಲ್ಲಿ ಕಾಲನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಬೇಕು. ಚರ್ಮದ ನಾಲ್ಕು ಪದರಗಳು ಕೂಡುವ ಕಡೆ ಮನೆಯ ಯಂತ್ರ ಸೋಲುತ್ತದೆ. ಅಂಥ ಭಾಗವನ್ನು ಕುಶನ್ ಕೆಲಸದವರ ದೊಡ್ಡ ಯಂತ್ರದಲ್ಲಿ ಹೊಲಿಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ಆಸನದ ಅಂಚಿನಲ್ಲಿ ಕಾಣುವ ಉಬ್ಬುಗೆರೆಯನ್ನು ಪೈಪಿಂಗ್ ಎನ್ನುತ್ತಾರೆ. ಅದು ಅಲಂಕಾರ ಮಾತ್ರವಲ್ಲ. ಅತಿ ಹೆಚ್ಚು ಉಜ್ಜುವಿಕೆಗೆ ಸಿಕ್ಕುವ ಅಂಚಿನಲ್ಲಿ ಹೊಲಿಗೆಯ ದಾರಕ್ಕೆ ರಕ್ಷೆಯಾಗಿ ನಿಲ್ಲುತ್ತದೆ. ಸುಮಾರು 5 ಮಿಲಿಮೀಟರು ದಪ್ಪದ ಹುರಿಗೆ ಒಂದೂವರೆ ಅಂಗುಲ ಅಗಲದ ಪಟ್ಟಿ ಸುತ್ತಿದರೆ ಎರಡು ಬದಿಯ ಹೊಲಿಗೆಯ ಅಂಚೂ ಸೇರಿ ಸರಿಹೋಗುತ್ತದೆ. ಮೊದಲು ಮೇಲಿನ ಭಾಗಕ್ಕೆ ಪೈಪಿಂಗ್, ಅನಂತರ ಪೈಪಿಂಗಿಗೆ ಬದಿಯ ಪಟ್ಟಿ, ಕೊನೆಗೆ ತಂತಿ ಹಾಯುವ ಕೆಳಗಿನ ಅಂಚು, ಇದು ಹೊಲಿಗೆಯ ಕ್ರಮ. ಮೂಲೆಗಳಲ್ಲಿ ಪೈಪಿಂಗಿನ ಅಂಚನ್ನು ಸಣ್ಣದಾಗಿ ಕತ್ತರಿಸಿಬಿಟ್ಟರೆ ಅದು ಮುದುಡದೆ ತಿರುಗುತ್ತದೆ.

9. ಹೊದಿಸುವುದು ಮತ್ತು ಕೂರಿಸುವುದು

ಸಿದ್ಧವಾದ ಹೊದಿಕೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿದರೆ ರೆಕ್ಸಿನ್ ಮೆದುವಾಗಿ ಎಳೆತಕ್ಕೆ ಒದಗುತ್ತದೆ. ಹೊದಿಕೆಯನ್ನು ಒಳಮಗ್ಗುಲು ಹೊರಗೆ ಮಾಡಿ, ಫೋಮಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಜಾರಿಸುತ್ತ ತೊಡಿಸಿ, ಬಳಿಕ ಹಾಳೆಯನ್ನು ಎಳೆದು ತೆಗೆಯಬೇಕು. ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತ ಹೋಗಬೇಕೇ ಹೊರತು ಮೂಲೆಯಿಂದ ಪ್ರಾರಂಭಿಸಬಾರದು. ಎದುರುಬದುರಾದ ಅಂಚುಗಳಿಗೆ ಒಂದಾದ ಮೇಲೊಂದರಂತೆ ತಂತಿಬಳೆ ಹಾಕುತ್ತ ಬಂದರೆ ಹೊಲಿಗೆಯ ಗೆರೆಗಳು ಓರೆಯಾಗುವುದಿಲ್ಲ.

ಆಸನವನ್ನು ಮರಳಿ ಕಾರಿನಲ್ಲಿ ಕೂರಿಸುವಾಗ, ಅದು ಸರಿಯುವ ಹಳಿಗಳಿಗೆ ಗ್ರೀಸು ಹಚ್ಚಿ, ತುಕ್ಕಿನಿಂದ ಸವೆದ ಬೋಲ್ಟುಗಳ ಬದಲು ಅದೇ ಅಳತೆಯ ಹೊಸ ಗಟ್ಟಿ ಬೋಲ್ಟುಗಳನ್ನು ಹಾಕತಕ್ಕದ್ದು. ಹಳಿಯ ಬೀಗ ಎರಡೂ ಬದಿಗಳಲ್ಲಿ ಹಿಡಿಯುತ್ತದೆಯೇ ಎಂದು ಬಲವಾಗಿ ನೂಕಿ ಪರೀಕ್ಷಿಸಬೇಕು. ಚಾಲಕನ ಆಸನವು ಬ್ರೇಕು ತುಳಿದಾಗ ಹಿಂದಕ್ಕೆ ಜಾರಿದರೆ, ಎಷ್ಟು ಅಂದವಾದ ಹೊಲಿಗೆಯೂ ಆ ಪ್ರಾಣವನ್ನು ಕಾಯಲಾರದು.

10. ಶಾಲೆಗೆ ಇದರಿಂದೇನು?

1964–66ರ ಶಿಕ್ಷಣ ಆಯೋಗವು ಶಾಲೆಗಳಲ್ಲಿ ಕಾರ್ಯಾನುಭವಕ್ಕೆ ಸ್ಥಾನವಿರಬೇಕೆಂದು ಸೂಚಿಸಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯಕ್ರಮದ ಅಂಗವಾಗಿಸಬೇಕೆಂದಿತು. ಕೈಕೆಲಸವನ್ನು ಪೂಜೆಗೆ ಸಮನೆಂದು ಬಗೆದ ಪರಂಪರೆಯಲ್ಲಿ ಬೆಳೆದ ಸಂಸ್ಥೆಗಳಿಗೆ ಈ ಮಾತು ಹೊಸದಲ್ಲ. ಆದರೂ ಅನೇಕ ಶಾಲೆಗಳಲ್ಲಿ ಕಾರ್ಯಾನುಭವದ ಅವಧಿ ಕಾಗದ ಕತ್ತರಿಸುವುದರಲ್ಲಿ, ಬಣ್ಣ ಬಳಿಯುವುದರಲ್ಲಿ ಮುಗಿದುಹೋಗುತ್ತದೆ. ಒಂದು ಹಳೆಯ ಆಸನವನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಅದರಲ್ಲಿ ಲೋಹದ ತುಕ್ಕಿನ ರಸಾಯನಶಾಸ್ತ್ರವಿದೆ, ಸ್ಪ್ರಿಂಗಿನ ಭೌತಶಾಸ್ತ್ರವಿದೆ, ವಕ್ರಮೈಯನ್ನು ಸಪಾಟು ತುಂಡುಗಳಾಗಿ ಬಿಡಿಸುವ ರೇಖಾಗಣಿತವಿದೆ, ತ್ರೈರಾಶಿಯಿದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಇನ್ನೊಬ್ಬನು ಮಾಡಿದ ಕೆಲಸವನ್ನು ಗೌರವದಿಂದ ಬಿಚ್ಚಿ ನೋಡುವ ಅಭ್ಯಾಸವಿದೆ.

ಊರಿನ ಕುಶನ್ ಕೆಲಸಗಾರರನ್ನು ಇಂಥ ಪಾಠಕ್ಕೆ ಗುರುಗಳನ್ನಾಗಿ ಆಹ್ವಾನಿಸುವುದು ಯೋಗ್ಯ. ಕಾರ್ಖಾನೆಯ ಅಚ್ಚಿನಲ್ಲಿ ಎರಕಗೊಂಡ ಫೋಮು ಬಂದ ಮೇಲೆ ಸ್ಪ್ರಿಂಗು ಕಟ್ಟುವ ಕೆಲಸ ಅವರಿಗೆ ದೊರೆಯುವುದು ವಿರಳ. ಅವರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋಗುವುದು ಸಹಜವೇ. ಪುಸ್ತಕದಲ್ಲಿ ಬರೆದಿಡದ ವಿದ್ಯೆಯು ಕಲಿಯುವವನಿಲ್ಲದ ದಿನ ಸದ್ದಿಲ್ಲದೆ ಮರೆಯಾಗುತ್ತದೆ. ಹುರಿಯ ಗಂಟು ಎಷ್ಟು ಬಿಗಿಯಿರಬೇಕೆಂಬುದು ಯಾವ ಗ್ರಂಥದಿಂದಲೂ ಕೈಗೆ ಬರುವುದಿಲ್ಲ. ಹಳೆಯ ವಾಹನಗಳ ಒಡೆಯರಾದ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಹಾಳುಬಿದ್ದ ಒಂದು ಆಸನವನ್ನು, ಒಂದು ಗಟ್ಟಿ ಹೊಲಿಗೆ ಯಂತ್ರವನ್ನು ಶಾಲೆಯ ಕಾರ್ಯಾಗಾರಕ್ಕೆ ಒದಗಿಸಿದರೆ ಅದೂ ದಾಸೋಹವೇ ಸರಿ.

ಕಡೆಯದಾಗಿ ಒಂದು ಸಣ್ಣ ಕರ್ತವ್ಯ ಉಳಿಯುತ್ತದೆ. ಹೊದಿಕೆಯನ್ನು ಮುಚ್ಚುವ ಮೊದಲು, ಹಳೆಯ ಹೊದಿಕೆಯ ಒಂದು ಚೂರನ್ನೂ, ಕೆಲಸ ಮಾಡಿದ ವರ್ಷ, ಬಳಸಿದ ಫೋಮು, ದಾರ, ರೆಕ್ಸಿನ್ನಿನ ವಿವರಗಳನ್ನು ಬರೆದ ಚೀಟಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೌಕಟ್ಟಿನ ಕೆಳಗೆ ಕಟ್ಟಿಡಬೇಕು. ಇಂದು ಹೊಲಿದದ್ದು ಮುಂದೊಂದು ದಿನ ಮತ್ತೆ ಸವೆಯುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ಬಳಿಕ ಅದನ್ನು ಬಿಚ್ಚುವ ಕೈ ಯಾರದೋ ತಿಳಿಯದು. ಆ ಕೈಗೆ ದಾರಿ ತೋರುವ ಚೀಟಿ ಅಲ್ಲಿದ್ದರೆ ಈ ಕೆಲಸ ಪೂರ್ಣವಾಯಿತೆನ್ನಬಹುದು.